ಬೀಗ ಹಾಕಿದ್ದು ತಂತ್ರಾಂಶಕ್ಕೆ, ಸಿಕ್ಕಿಬಿದ್ದದ್ದು ಬರಹ

ಕುಕ್ಕುಂದೂರಿನ ನಮ್ಮ ಮನೆಯ ಮೇಜಿನ ಡ್ರಾವರಿನಲ್ಲಿ ಬೆಂಕಿಪೊಟ್ಟಣಕ್ಕಿಂತ ತುಸು ದೊಡ್ಡದಾದ ಒಂದು ಪ್ಲಾಸ್ಟಿಕ್ ತುಂಡು ಬಿದ್ದುಕೊಂಡಿದೆ. ಒಂದು ಬದಿಯಲ್ಲಿ 25 ಸೂಜಿಗಳು, ಇನ್ನೊಂದು ಬದಿಯಲ್ಲಿ ಅಷ್ಟೇ ತೂತುಗಳು. ಇಪ್ಪತ್ತು ವರ್ಷಗಳ ಹಿಂದೆ ಕಾರ್ಕಳದ ಡಿ.ಟಿ.ಪಿ. ಅಂಗಡಿಗಳಲ್ಲಿ ಇದನ್ನು 'ಲಾಕ್' ಎಂದು ಕರೆಯುತ್ತಿದ್ದರು. ಗಣಕದ ಬೆನ್ನಿಗೆ ಇದನ್ನು ಸಿಕ್ಕಿಸಿ, ಇದರ ಬೆನ್ನಿಗೆ ಪ್ರಿಂಟರಿನ ಕೇಬಲ್ಲನ್ನು ಸಿಕ್ಕಿಸಿದರೆ ಮಾತ್ರ ಕನ್ನಡದ ತಂತ್ರಾಂಶ ಬಾಯಿ ಬಿಡುತ್ತಿತ್ತು. ಸಂಜೆ ಅಂಗಡಿ ಮುಚ್ಚುವಾಗ ಮಾಲಕರೊಬ್ಬರು ದಿನದ ಸಂಪಾದನೆಯ ಜೊತೆಗೆ ಲಾಕನ್ನೂ ಕಿತ್ತು ಅಂಗಿಯ ಕಿಸೆಗೆ ಹಾಕಿಕೊಳ್ಳುತ್ತಿದ್ದುದನ್ನು ನಾನೇ ಕಂಡಿದ್ದೇನೆ. ಗಣಕ ಕಳವಾದರೆ ಮತ್ತೊಂದನ್ನು ಜೋಡಿಸಬಹುದಿತ್ತು. ಲಾಕ್ ಹೋದರೆ ಸಾವಿರಾರು ರೂಪಾಯಿ ತೆತ್ತು ತಂತ್ರಾಂಶವನ್ನೇ ಹೊಸದಾಗಿ ಕೊಳ್ಳಬೇಕಿತ್ತು.

ಈ ಲಾಕ್ ನನ್ನ ಕೈಸೇರಿದ ಬಗೆಯನ್ನು ಹೇಳಬೇಕು. 2004ರಲ್ಲಿ ನಮ್ಮ ಆಸುಪಾಸಿನ ಒಂದು ದೇವಸ್ಥಾನದ ಬ್ರಹ್ಮಕಲಶೋತ್ಸವಕ್ಕೆಂದು ಸ್ಮರಣ ಸಂಚಿಕೆಯೊಂದನ್ನು ಹೊರತಂದೆವು. ಸಂಪಾದಕ ಮಂಡಳಿಯಲ್ಲಿ ನಾನೂ ಇದ್ದೆ. ನಿವೃತ್ತ ಶಾಲಾ ಮಾಸ್ತರರೊಬ್ಬರು ಊರಿನ ಚರಿತ್ರೆಯನ್ನು ಬರೆದುಕೊಟ್ಟಿದ್ದರು. ಯಾವ ಗುತ್ತಿನ ಮನೆ ಎಲ್ಲಿತ್ತು, ಬೈಲಿನ ಯಾವ ಗದ್ದೆಗೆ ಏನು ಹೆಸರು, ರಸ್ತೆ ಬರುವುದಕ್ಕೆ ಮೊದಲು ಗಾಡಿಗಳು ಯಾವ ದಾರಿಯಲ್ಲಿ ಹೋಗುತ್ತಿದ್ದವು – ಇಂಥ ವಿವರಗಳ ದೀರ್ಘ ಲೇಖನ. ಜಾಹೀರಾತುಗಳು ನಿರೀಕ್ಷೆಗಿಂತ ಹೆಚ್ಚು ಬಂದುದರಿಂದ (ಸ್ಮರಣ ಸಂಚಿಕೆಗಳ ಸಂಪಾದಕರಿಗೆ ಈ ಸಂಕಟ ಗೊತ್ತು) ಲೇಖನದ ಮೊದಲರ್ಧ ಮಾತ್ರ ಅಚ್ಚಾಯಿತು. ಉಳಿದರ್ಧ ಅಕ್ಷರ ಜೋಡಣೆಯಾಗಿದ್ದರೂ 'ಮುಂದಿನ ಸಲ ನೋಡುವ' ಎಂದು ಬದಿಗಿಟ್ಟೆವು. ಮಾಸ್ತರರು ತೀರಿಕೊಂಡರು. ಹಸ್ತಪ್ರತಿ ಗೆದ್ದಲಿನ ಪಾಲಾಯಿತು. ಎರಡು ವರ್ಷಗಳ ಹಿಂದೆ ಆ ಲೇಖನವನ್ನು ಪುಸ್ತಕವಾಗಿ ತರುವ ಮಾತು ಬಂದಾಗ ನಮ್ಮಲ್ಲಿ ಉಳಿದಿದ್ದುದು ಒಂದು ಸಿ.ಡಿ. ಮಾತ್ರ.

ಪುಣ್ಯಕ್ಕೆ ಸಿ.ಡಿ. ತೆರೆಯಿತು. ಎರಡೂ ಕಡತಗಳು ಅದರಲ್ಲಿದ್ದವು, ಹೆಸರು ಮತ್ತು ದಿನಾಂಕದ ಸಮೇತ. ಆದರೆ ಅವನ್ನು ಓದಬಲ್ಲ ತಂತ್ರಾಂಶವಿರಲಿಲ್ಲ. ಮುಚ್ಚಿದ ಡಿ.ಟಿ.ಪಿ. ಅಂಗಡಿಯ ಮಾಲಕರನ್ನು ಹುಡುಕಿ ಹೋದೆವು. ಅವರು ಅಟ್ಟದಿಂದ ತಂತ್ರಾಂಶದ ಮೂಲ ಸಿ.ಡಿ.ಯನ್ನೂ ಲಾಕನ್ನೂ ಇಳಿಸಿಕೊಟ್ಟರು. ಹಳೆಯ ವಿಂಡೋಸ್ ಎಕ್ಸ್‌ಪಿ ಯಂತ್ರವೊಂದನ್ನು ಎಬ್ಬಿಸಿ ಕೂರಿಸಿದೆವು. ಲಾಕ್ ಸತ್ತಿತ್ತು. ಪರದೆಯ ಮೇಲೆ ಲಾಕ್ ಸಿಗುತ್ತಿಲ್ಲವೆಂಬ ಒಂದು ಸಾಲು ಮೂಡಿ, ತಂತ್ರಾಂಶ ಮುಚ್ಚಿಕೊಂಡಿತು. ಪೆಟ್ಟಿಗೆಯ ಮೇಲಿದ್ದ ದೂರವಾಣಿ ಸಂಖ್ಯೆ ಚಾಲ್ತಿಯಲ್ಲಿರಲಿಲ್ಲ. ಕಂಪನಿಯೂ ಇರಲಿಲ್ಲ. ಹಣ ಕೊಟ್ಟು ಕೊಂಡ ತಂತ್ರಾಂಶ, ನಮ್ಮೂರಿನವರೇ ಬರೆದ ಬರಹ. ಇವೆರಡರ ನಡುವೆ ಯಾರದೂ ಅಲ್ಲದ ಒಂದು ಬೀಗ.

ಈ ಅನುಭವದ ಬಲದಿಂದ ತಂತ್ರಾಂಶ ತಯಾರಕರನ್ನು ಹಳಿಯುವುದು ಸುಲಭ. ಹಾಗೆ ಮಾಡುವಂತಿಲ್ಲ. ನನ್ನ ಬಂಧುವೊಬ್ಬ ಕೆಲವು ವರ್ಷಗಳ ಕಾಲ ಅಂಗಡಿಗಳಿಗೂ ಗೇರುಬೀಜ ಕಾರ್ಖಾನೆಗಳಿಗೂ ಒಪ್ಪುವ ಚಿಕ್ಕ ಬಿಲ್ಲಿಂಗ್ ತಂತ್ರಾಂಶವೊಂದನ್ನು ತಯಾರಿಸಿ ಮಾರುತ್ತಿದ್ದ. ಹಗಲು ಒಂದು ಕೆಲಸ, ರಾತ್ರಿ ಈ ಕೆಲಸ. ಕಾರ್ಕಳದ ಅಂಗಡಿಯೊಂದಕ್ಕೆ ಒಂದು ಪ್ರತಿ ಮಾರಿದ. ಕೆಲವು ತಿಂಗಳಲ್ಲಿ ಮೂಡುಬಿದಿರೆಯಿಂದ ಫೋನ್ ಬಂತು: 'ನಿಮ್ಮ ಸಾಫ್ಟ್‌ವೇರಿನಲ್ಲಿ ತೆರಿಗೆ ಸರಿಯಾಗಿ ಬರುತ್ತಿಲ್ಲ, ನಾಳೆ ಬಂದು ಸರಿಮಾಡಿ ಕೊಡಿ.' ಮೂಡುಬಿದಿರೆಯಲ್ಲಿ ಅವನು ಯಾರಿಗೂ ಮಾರಿರಲಿಲ್ಲ! ಗಣಕ ಜೋಡಿಸಿಕೊಟ್ಟ ಹುಡುಗ 'ಇದೂ ಇರಲಿ' ಎಂದು ಉಚಿತವಾಗಿ ಹಾಕಿಕೊಟ್ಟಿದ್ದನಂತೆ. ಫೋನ್ ಮಾಡಿದ ಮಹನೀಯರಿಗೆ ತಾವು ಕದ್ದ ಮಾಲನ್ನು ಬಳಸುತ್ತಿದ್ದೇವೆಂಬ ಕಲ್ಪನೆಯೂ ಇರಲಿಲ್ಲ, ಬೈದವರು ಅವರೇ.

ನಮ್ಮ ಮಧ್ಯಮವರ್ಗದ ನೈತಿಕತೆಯಲ್ಲಿ ಇದೊಂದು ವಿಚಿತ್ರ ಬಿರುಕು. ಅಂಗಡಿಯಿಂದ ಒಂದು ಬೆಂಡೆಕಾಯಿ ಎತ್ತಲು ಹಿಂಜರಿಯುವ ಮನುಷ್ಯ ಒಂದು ಇಡೀ ತಂತ್ರಾಂಶವನ್ನು ಪೆನ್‌ಡ್ರೈವಿನಲ್ಲಿ ಹೊತ್ತು ತರುತ್ತಾನೆ. ವಿನ್‌ರಾರ್ ಎಂಬ ತಂತ್ರಾಂಶ 40 ದಿನಗಳ ಪ್ರಯೋಗದ ಅವಧಿ ಮುಗಿದ ಮೇಲೂ ಕೆಲಸ ಮಾಡುತ್ತಲೇ ಇರುತ್ತದೆ, ದಯವಿಟ್ಟು ಕೊಳ್ಳಿರಿ ಎಂದು ನೆನಪಿಸುತ್ತದೆ. ನನಗೆ ತಿಳಿದವರಲ್ಲಿ ಆ ಮನವಿಗೆ ಓಗೊಟ್ಟು ಹಣ ತೆತ್ತವರು ಒಬ್ಬರೂ ಇಲ್ಲ, ನನ್ನನ್ನೂ ಸೇರಿಸಿ. ದೊಡ್ಡ ಕಂಪನಿಗೆ ಇದರಿಂದ ನಷ್ಟವಾಗದಿರಬಹುದು. ಬಳಕೆ ಹರಡಿದಷ್ಟೂ ಲಾಭವೆಂದು ಅದು ಎಣಿಸಬಹುದು. ವರ್ಷಕ್ಕೆ ನಲವತ್ತು ಪ್ರತಿ ಮಾರಿ ಬದುಕಬೇಕಾದವನಿಗೆ ಹತ್ತು ಪ್ರತಿಗಳ ಕಳವು ಎಂದರೆ ಆ ವರ್ಷದ ಮಕ್ಕಳ ಶಾಲೆಯ ಶುಲ್ಕ.

ಈ ಜಗಳ ಗಣಕದಷ್ಟೇ ಹಳೆಯದು. 1976ರ ಫೆಬ್ರವರಿಯಲ್ಲಿ, ಮೈಕ್ರೋಸಾಫ್ಟ್ ಇನ್ನೂ ಹಸುಗೂಸಾಗಿದ್ದಾಗ, ಬಿಲ್ ಗೇಟ್ಸ್ ಗಣಕದ ಹವ್ಯಾಸಿಗಳಿಗೆ ಬಹಿರಂಗ ಪತ್ರ ಬರೆದು ನಿಮ್ಮಲ್ಲಿ ಬಹುಪಾಲು ಮಂದಿ ತಂತ್ರಾಂಶ ಕದಿಯುತ್ತಿದ್ದೀರಿ ಎಂದು ಆರೋಪಿಸಿದರು. 1982ರ ಹೊತ್ತಿಗೆ ಅಮೆರಿಕದ ಆಂಡ್ರ್ಯೂ ಫ್ಲೂಗಲ್‌ಮನ್, ಜಿಮ್ ನಾಫ್ ಮೊದಲಾದವರು ಇದಕ್ಕೆ ವಿರುದ್ಧವಾದ ದಾರಿ ಹಿಡಿದರು. ಪ್ರತಿ ಮಾಡಿ ಹಂಚಿರಿ, ಉಪಯೋಗವೆನಿಸಿದರೆ ಹಣ ಕಳುಹಿಸಿರಿ ಎಂದರು. 'ಶೇರ್‌ವೇರ್' ಎಂಬ ಪದ್ಧತಿ ಬೆಳೆದುದು ಹೀಗೆ. ನಂಬಿಕೆಯ ಈ ವ್ಯಾಪಾರ ಅಲ್ಲಿ ಕೆಲವರ ಕೈಹಿಡಿಯಿತು. ನಮ್ಮಲ್ಲಿ ಆಗ ಡಾಲರಿನಲ್ಲಿ ಚೆಕ್ ಕಳುಹಿಸುವ ದಾರಿಯೇ ಇರಲಿಲ್ಲವೆನ್ನಿ.

ಬೀಗಗಳ ಒಳಮರ್ಮ ಅಷ್ಟೇನೂ ಗಹನವಲ್ಲ. ತಂತ್ರಾಂಶ ಆರಂಭವಾದೊಡನೆ ಲಾಕಿಗೆ ಒಂದು ಸಂಖ್ಯೆಯನ್ನು ಕಳುಹಿಸುತ್ತದೆ. ಲಾಕ್ ತನ್ನೊಳಗಿನ ಸೂತ್ರದಿಂದ ಅದನ್ನು ಮಾರ್ಪಡಿಸಿ ಮರಳಿಸುತ್ತದೆ. ಉತ್ತರ ತಾಳೆಯಾದರೆ ಬಾಗಿಲು ತೆರೆಯುತ್ತದೆ. ಲಾಕಿನ ಖರ್ಚು ಬೇಡವೆನ್ನುವವರು ಹಾರ್ಡ್ ಡಿಸ್ಕಿನ ಕ್ರಮಸಂಖ್ಯೆಯನ್ನು ಓದಿ, ಅದಕ್ಕೆ ಹೊಂದುವ ಕೀಲಿಸಂಖ್ಯೆಯನ್ನು ಫೋನಿನಲ್ಲಿ ಹೇಳುತ್ತಿದ್ದರು. ಡಿಸ್ಕ್ ಕೆಟ್ಟರೆ ಮತ್ತೆ ಅವರಿಗೇ ಫೋನ್. 2001ರಲ್ಲಿ ವಿಂಡೋಸ್ ಎಕ್ಸ್‌ಪಿ ಬಂದ ಮೇಲೆ ಅಂತರ್ಜಾಲದ ಮೂಲಕ ದೃಢೀಕರಿಸುವ ಕ್ರಮ ಮನೆಮಾತಾಯಿತು. ಈಗಿನ ಜಾಣ ತಯಾರಕರು ಪರವಾನಗಿಗೆ ಗಣಿತೀಯ ಸಹಿ ಹಾಕಿ ಕೊಡುತ್ತಾರೆ. ಸಹಿಯನ್ನು ಪರೀಕ್ಷಿಸುವ ಕೀಲಿ ಮಾತ್ರ ತಂತ್ರಾಂಶದಲ್ಲಿರುತ್ತದೆ, ಸಹಿ ಹಾಕುವ ಕೀಲಿ ತಯಾರಕನ ಮನೆಯಲ್ಲಿರುತ್ತದೆ. ಆದುದರಿಂದ ಸುಳ್ಳು ಪರವಾನಗಿ ಸೃಷ್ಟಿಸುವುದು ಅಸಾಧ್ಯವೆನ್ನುವಷ್ಟು ಕಷ್ಟ. ಆದರೂ ಈ ಎಲ್ಲ ಬೀಗಗಳಿಗೆ ಒಂದೇ ದೌರ್ಬಲ್ಯ. ಸರಿಯೋ ತಪ್ಪೋ ಎಂದು ತೀರ್ಮಾನಿಸುವ ಆ ಒಂದು ಸಾಲು ಬಳಕೆದಾರನ ಗಣಕದಲ್ಲೇ ಇರುತ್ತದೆ. ಅದನ್ನು ಹುಡುಕಿ 'ತಪ್ಪಾದರೂ ಮುಂದೆ ಹೋಗು' ಎಂದು ತಿದ್ದಿದರೆ ಮುಗಿಯಿತು. ಪೇಟೆಯಲ್ಲಿ 'ಕ್ರ್ಯಾಕ್' ಎಂಬ ಹೆಸರಿನಲ್ಲಿ ಸಿಗುವುದು ಬಹುಮಟ್ಟಿಗೆ ಇದೇ. ಕಳ್ಳನ ಕೈಗೆ ಹೋಗುವುದು ಬೀಗ ಕಿತ್ತ ಪ್ರತಿ. ಲಾಕ್ ಕೆಟ್ಟರೆ, ಡಿಸ್ಕ್ ಸತ್ತರೆ, ಕಂಪನಿ ಮುಚ್ಚಿದರೆ ಕಷ್ಟಪಡುವವನು ಹಣ ಕೊಟ್ಟವನೇ. ನಾವು ಹೇಗಾದರೂ ಒಂದು ಕ್ರ್ಯಾಕ್ ಪ್ರತಿ ಸಿಕ್ಕೀತೇ ಎಂದು ಮಂಗಳೂರಿನವರೆಗೆ ವಿಚಾರಿಸಿದೆವು ಎಂಬುದನ್ನು ಸಂಕೋಚದಿಂದಲೇ ಒಪ್ಪಿಕೊಳ್ಳುತ್ತೇನೆ. ಸಿಗಲಿಲ್ಲ. ಕದಿಯುವಷ್ಟು ಜನಪ್ರಿಯವೂ ಆಗಿರಲಿಲ್ಲ ಪಾಪದ ಆ ತಂತ್ರಾಂಶ.

ಬೀಗವನ್ನು ವಿವೇಕದಿಂದ ಹಾಕಿದ ಉದಾಹರಣೆ ನಮ್ಮ ರಾಜ್ಯದಲ್ಲೇ ಇದೆ. ಗೋಯೆಂಕಾ ತಂದೆ-ಮಗ 1986ರಲ್ಲಿ ಕಟ್ಟಿದ ಬೆಂಗಳೂರಿನ ಕಂಪನಿಯ 'ಟ್ಯಾಲಿ'ಯನ್ನು ಅರಿಯದ ಲೆಕ್ಕಪತ್ರದವರಿಲ್ಲ. ಅದೂ ಒಂದು ಕಾಲಕ್ಕೆ ಲಾಕಿನೊಂದಿಗೆ ಬರುತ್ತಿತ್ತು. ಬಳಿಕ ಅಂತರ್ಜಾಲದ ದೃಢೀಕರಣಕ್ಕೆ ಬದಲಾಯಿತು. ಪರವಾನಗಿ ಇಲ್ಲದಿದ್ದರೆ ಟ್ಯಾಲಿ ಮುಚ್ಚಿಕೊಳ್ಳುವುದಿಲ್ಲ, 'ಎಜುಕೇಷನಲ್ ಮೋಡ್'ನಲ್ಲಿ ತೆರೆದುಕೊಳ್ಳುತ್ತದೆ. ಅಲ್ಲಿ ಎಲ್ಲ ಕೆಲಸವೂ ಸಾಧ್ಯ, ಆದರೆ ವೋಚರುಗಳಿಗೆ ತಿಂಗಳ 1, 2 ಮತ್ತು 31ನೇ ತಾರೀಕುಗಳನ್ನು ಮಾತ್ರ ಕೊಡಬಹುದು. ಕಾರ್ಕಳದ ತರಬೇತಿ ಕೇಂದ್ರಗಳಲ್ಲಿ ಬಿ.ಕಾಂ. ಮಕ್ಕಳು ಬರೆದ ಲೆಕ್ಕಗಳನ್ನು ನೋಡಿದರೆ ಊರಿನ ವ್ಯಾಪಾರವೆಲ್ಲ ತಿಂಗಳ ಮೊದಲೆರಡು ದಿನಗಳಲ್ಲೇ ಮುಗಿಯುವಂತೆ ಕಾಣುತ್ತದೆ! ಕಲಿಯುವವನಿಗೆ ತೊಂದರೆಯಿಲ್ಲ, ನಿಜವಾದ ಅಂಗಡಿ ನಡೆಸುವವನಿಗೆ ಇದು ಸಾಲದು. ಎಲ್ಲಕ್ಕಿಂತ ಮುಖ್ಯವಾಗಿ, ಪರವಾನಗಿ ಹೋದರೂ ಹಿಂದಿನ ಲೆಕ್ಕವನ್ನು ತೆರೆದು ನೋಡಲು ದಾರಿ ಉಳಿದಿರುತ್ತದೆ.

ಕನ್ನಡದ ಅಕ್ಷರ ತಂತ್ರಾಂಶಗಳ ಕಥೆ ಬೇರೆ. ಇಲ್ಲಿ ಎರಡು ಬೀಗಗಳಿದ್ದವು. ಮೊದಲನೆಯದು ಕಣ್ಣಿಗೆ ಕಾಣುವ ಲಾಕ್. ಎರಡನೆಯದು ಕಾಣದ್ದು: ಅಕ್ಷರಗಳ ಸಂಕೇತ. ಆಗಿನ ಫಾಂಟುಗಳಲ್ಲಿ ಇದ್ದುದು ಸುಮಾರು ಇನ್ನೂರು ಚಿಲ್ಲರೆ ಸ್ಥಾನಗಳು. ಕನ್ನಡದ ಕಾಗುಣಿತ, ಒತ್ತಕ್ಷರಗಳನ್ನೆಲ್ಲ ಅಷ್ಟರಲ್ಲಿ ಹಿಡಿಸಲು ಅಕ್ಷರವನ್ನು ತುಂಡರಿಸಿ, ತಲೆಕಟ್ಟು ಒಂದೆಡೆ, ಕೊಂಬು ಇನ್ನೊಂದೆಡೆ, ಒತ್ತು ಮತ್ತೊಂದೆಡೆ ಇರಿಸುತ್ತಿದ್ದರು. ಯಾವ ತುಂಡು ಯಾವ ಸ್ಥಾನದಲ್ಲೆಂಬುದು ಆಯಾ ಕಂಪನಿಯ ಇಷ್ಟ. ಒಂದು ತಂತ್ರಾಂಶದಲ್ಲಿ ಬರೆದುದನ್ನು ಇನ್ನೊಂದರಲ್ಲಿ ತೆರೆದರೆ ಕಾಣಿಸುತ್ತಿದ್ದುದು ಗೊಂದಲದ ಗೀಚು. ಕಳವನ್ನು ತಡೆಯಲು ಈ ಎರಡನೆಯ ಬೀಗದ ಅಗತ್ಯವೇ ಇರಲಿಲ್ಲ. ಗಿರಾಕಿ ಬೇರೆ ಅಂಗಡಿಗೆ ಹೋಗದಂತೆ ಕಟ್ಟಿಹಾಕುವುದಕ್ಕೆ ಅದು ಅನುಕೂಲವಾಗಿ ಒದಗಿತು. ಮೊದಲನೆಯ ಬೀಗಕ್ಕೆ ನನ್ನ ಸಹಾನುಭೂತಿಯಿದೆ, ಎರಡನೆಯದಕ್ಕೆ ಇಲ್ಲ.

ಇದೇ ಕಾಲದಲ್ಲಿ ನಮ್ಮ ಕರಾವಳಿಯವರೇ ಆದ ಕಿನ್ನಿಕಂಬಳ ಪದ್ಮನಾಭ ರಾವ್, ಎಲ್ಲರ ಬಾಯಲ್ಲಿ ಕೆ.ಪಿ. ರಾವ್, ತದ್ವಿರುದ್ಧವಾದ ದಾರಿ ತುಳಿದರು. ಮುದ್ರಣ ಮತ್ತು ಅಕ್ಷರ ಜೋಡಣೆಯ ದೊಡ್ಡ ಸಂಸ್ಥೆಗಳಲ್ಲಿ ದುಡಿದು ಮಣಿಪಾಲಕ್ಕೆ ಬಂದ ಅವರು, ಇಂಗ್ಲಿಷಿನ 26 ಕೀಲಿಗಳಲ್ಲೇ ಕನ್ನಡದ ಧ್ವನಿಗಳನ್ನು ಕೂರಿಸುವ ವಿನ್ಯಾಸ ರೂಪಿಸಿದರು. ವಿದ್ವಾಂಸ ಸೇಡಿಯಾಪು ಕೃಷ್ಣ ಭಟ್ಟರ ಹೆಸರಿನಲ್ಲಿ 'ಸೇಡಿಯಾಪು' ತಂತ್ರಾಂಶವನ್ನು ತಯಾರಿಸಿ ಉಚಿತವಾಗಿ ಕೊಟ್ಟರು. ವಿನ್ಯಾಸಕ್ಕೂ ಅವರು ಬೇಲಿ ಹಾಕಲಿಲ್ಲ. ಕರ್ನಾಟಕ ಸರ್ಕಾರ ಮುಂದೆ ಕೀಲಿಮಣೆಯ ಶಿಷ್ಟತೆಯನ್ನು ಗೊತ್ತುಪಡಿಸುವಾಗ ಆಧಾರವಾದುದು ಅದೇ ವಿನ್ಯಾಸ. ಇಂದು ಕನ್ನಡ ಟೈಪು ಮಾಡುವ ಅಸಂಖ್ಯ ಬೆರಳುಗಳು ಒತ್ತಕ್ಷರಕ್ಕಾಗಿ 'ಎಫ್' ಕೀಲಿಯನ್ನು ಹುಡುಕುವುದು ಅವರ ದೆಸೆಯಿಂದ.

ಅಮೆರಿಕದಲ್ಲಿದ್ದ ಶೇಷಾದ್ರಿವಾಸು ಚಂದ್ರಶೇಖರನ್ 1998ರಲ್ಲಿ 'ಬರಹ'ವನ್ನು ಉಚಿತವಾಗಿ ಹಂಚಿದರು. ಪರದೇಶದ ಕನ್ನಡಿಗರು ಪತ್ರ ಬರೆಯತೊಡಗಿದ್ದೇ ಅದರಿಂದ. ಕನ್ನಡ ಗಣಕ ಪರಿಷತ್ತಿನ 'ನುಡಿ' ಸರ್ಕಾರದ ಬೆಂಬಲದಿಂದ ಉಚಿತವಾಗಿಯೇ ಬಂತು. ವರ್ಷಗಳ ನಂತರ 'ಬರಹ'ದ ಹೊಸ ಆವೃತ್ತಿಗಳಿಗೆ ಬೆಲೆಯಿಟ್ಟಾಗ ಗೊಣಗಿದವರುಂಟು. ಆ ಗೊಣಗಾಟ ನನಗೆ ಸರಿಕಾಣಲಿಲ್ಲ. ಹತ್ತು ವರ್ಷ ಪುಕ್ಕಟೆ ಉಂಡವರು ಹನ್ನೊಂದನೆಯ ವರ್ಷ ಎಲೆಗೆ ಬೆಲೆ ಕೇಳಿದಾಗ ಸಿಟ್ಟಾಗುವುದು ಕನ್ನಡದ ಮೇಲಿನ ಪ್ರೀತಿಯೇನಲ್ಲ. ಹಾಗೆಯೇ, ಸರ್ಕಾರವೇ ಉಚಿತವಾಗಿ ಹಂಚುವಾಗ ಹಣ ಕೊಟ್ಟು ಕೊಳ್ಳುವವರು ಕಡಿಮೆಯಾಗುವುದು ಸಹಜ. ಚಿಕ್ಕ ತಯಾರಕರಿಗೆ ಅದು ಪೆಟ್ಟೇ. ನಮ್ಮ ಲಾಕಿನ ಕಂಪನಿ ಏಕೆ ಮುಚ್ಚಿತೆಂಬುದನ್ನು ನಾನು ಊಹಿಸಲಾರೆ; ಆದರೆ ಮುಚ್ಚುವ ದಿನ ಗಿರಾಕಿಗಳ ಪಟ್ಟಿ ಅವರ ಬಳಿ ಇದ್ದಿರಲೇಬೇಕು. ಬೀಗವಿಲ್ಲದ ಒಂದು ಕೊನೆಯ ಪ್ರತಿಯನ್ನು ಅವರಿಗೆಲ್ಲ ಕಳುಹಿಸಿದ್ದರೆ ಯಾರಿಗೂ ನಷ್ಟವಿರಲಿಲ್ಲ.

ಇದು ಆಗದ ಮಾತಲ್ಲ. 2005ರ ಕ್ರಿಯೇಟಿವ್ ಸೂಟ್ 2 ತಂತ್ರಾಂಶಗಳನ್ನು ದೃಢೀಕರಿಸುವ ಸರ್ವರನ್ನು ಅಡೋಬಿ ಕಂಪನಿ ಮುಚ್ಚಿದಾಗ, ದೃಢೀಕರಣವೇ ಬೇಡದ ಪ್ರತಿಗಳನ್ನು ಹಳೆಯ ಗಿರಾಕಿಗಳಿಗಾಗಿ ಒದಗಿಸಿತು. 2013ರ ಜನವರಿಯಲ್ಲಿ ಇದು ಜಗತ್ತಿನಾದ್ಯಂತ ಸುದ್ದಿಯಾಯಿತು. ಉಚಿತವಾಯಿತೆಂದು ಭಾವಿಸಿ ಮುಗಿಬಿದ್ದವರೂ ಇದ್ದರು, ಆ ಮಾತು ಬೇರೆ. ಅದೇ ಕಂಪನಿ ಅದೇ ವರ್ಷ ತನ್ನ ಹೊಸ ತಂತ್ರಾಂಶಗಳನ್ನು ಮಾರುವುದನ್ನು ಬಿಟ್ಟು ಚಂದಾ ಪದ್ಧತಿಗೆ ಹೊರಳಿತು. ಚಂದಾದಲ್ಲಿ ಬೀಗ ದೂರದ ಸರ್ವರಿನಲ್ಲಿರುತ್ತದೆ, ತಿಂಗಳು ತಿಂಗಳು ತೆರೆಯಿಸಿಕೊಳ್ಳಬೇಕು. ನಮ್ಮ ತಾಲೂಕಿನ ಸಹಕಾರಿ ಸಂಘಗಳು, ಶಾಲೆಗಳು, ಕ್ಲಿನಿಕ್ಕುಗಳು ಚಿಕ್ಕ ತಯಾರಕರಿಂದ ಇಂಥ ಚಂದಾ ತಂತ್ರಾಂಶಗಳನ್ನು ಕೊಳ್ಳುವಾಗ ದರ ಚೌಕಾಸಿ ಮಾಡುತ್ತವೆ. ನೀವು ಅಂಗಡಿ ಮುಚ್ಚಿದರೆ ನಮ್ಮ ದಾಖಲೆ ಯಾವ ರೂಪದಲ್ಲಿ ಕೈಗೆ ಬರುತ್ತದೆ ಎಂದು ಕೇಳಿದವರನ್ನು ನಾನು ಕಂಡಿಲ್ಲ. ಅದನ್ನು ಒಪ್ಪಂದದಲ್ಲಿ ಒಂದು ಸಾಲಾಗಿ ಬರೆಯಿಸಿಕೊಳ್ಳಲು ಖರ್ಚೇನೂ ಇಲ್ಲ. ಸರ್ಕಾರ ತನ್ನ ಇಲಾಖೆಗಳಿಗೆ ಕೊಳ್ಳುವಾಗಲಾದರೂ ಇದನ್ನು ಷರತ್ತಾಗಿಸಬೇಕು.

ಕಾನೂನು ಏನನ್ನುತ್ತದೆ? ಗಣಕದ ಕ್ರಮವಿಧಿಗಳು 1984ರ ತಿದ್ದುಪಡಿಯಿಂದ 'ಸಾಹಿತ್ಯ ಕೃತಿ'ಗಳ ಸಾಲಿಗೆ ಸೇರಿ ಕೃತಿಸ್ವಾಮ್ಯ ಕಾಯ್ದೆಯ ರಕ್ಷಣೆ ಪಡೆದವು. ಬಿಲ್ಲಿಂಗ್ ತಂತ್ರಾಂಶಕ್ಕೂ ಮಹಾಕಾವ್ಯಕ್ಕೂ ಕಾಯ್ದೆಯ ಕಣ್ಣಿನಲ್ಲಿ ಒಂದೇ ಪಂಕ್ತಿ! ಕದ್ದ ಪ್ರತಿಯೆಂದು ತಿಳಿದೂ ಬಳಸುವವರಿಗೆ 63ಬಿ ಕಲಮಿನಲ್ಲಿ ಏಳು ದಿನಗಳಿಂದ ಮೂರು ವರ್ಷಗಳವರೆಗೆ ಸೆರೆವಾಸ, 50 ಸಾವಿರದಿಂದ 2 ಲಕ್ಷ ರೂಪಾಯಿಗಳವರೆಗೆ ದಂಡವಿದೆ. ವ್ಯಾಪಾರದ ಉದ್ದೇಶವಿಲ್ಲದಿದ್ದರೆ ನ್ಯಾಯಾಲಯ ಸೆರೆವಾಸ ಬಿಟ್ಟು ದಂಡವನ್ನಷ್ಟೇ ವಿಧಿಸಬಹುದು. ಹಣ ಕೊಟ್ಟು ಕೊಂಡವನು ನಷ್ಟದಿಂದ ರಕ್ಷಣೆಗಾಗಿ ಒಂದು ಪ್ರತಿ ತೆಗೆದಿರಿಸಿಕೊಳ್ಳುವುದನ್ನು 52ನೇ ಕಲಮು ಒಪ್ಪುತ್ತದೆ. 2012ರಲ್ಲಿ ಸೇರಿದ 65ಎ ಕಲಮು ಬೀಗ ಮುರಿಯುವುದನ್ನೂ ಅಪರಾಧವಾಗಿಸಿತು. ಆದರೆ ಒಂದು ವಿವೇಕದ ಕಿಟಕಿಯನ್ನು ತೆರೆದಿಟ್ಟಿತು. ಹಕ್ಕನ್ನು ಉಲ್ಲಂಘಿಸುವ ಉದ್ದೇಶದಿಂದ ಮುರಿದರೆ ಮಾತ್ರ ಶಿಕ್ಷೆ. ಕಾಯ್ದೆ ನಿಷೇಧಿಸದ ಕೆಲಸಕ್ಕಾಗಿ ಮುರಿದರೆ ಅಡ್ಡಿಯಿಲ್ಲ. ತನ್ನ ಬರಹವನ್ನು ತಾನು ಓದುವುದು ನಿಷಿದ್ಧವೆಂದು ಯಾವ ಕಾಯ್ದೆಯೂ ಹೇಳಿಲ್ಲ. ಕಾಯ್ದೆ ಹೇಳದೆ ಬಿಟ್ಟಿರುವುದು ತಯಾರಕನ ಹೊಣೆಯನ್ನು. ಕೃತಿಸ್ವಾಮ್ಯ ಕರ್ತೃವಿನ ಮರಣಾನಂತರ 60 ವರ್ಷ ಉಳಿಯುತ್ತದೆ, ಆ ಲಾಕಿನ ಒಳಗಿನ ಚಿಪ್ಪು ಇಪ್ಪತ್ತು ವರ್ಷ ಉಳಿಯಲಿಲ್ಲ.

ನಮ್ಮ ಕಡತದ ವಿಷಯಕ್ಕೆ ಬರುತ್ತೇನೆ. ಕೊನೆಗೆ ನೆರವಾದವನು ಹತ್ತಿರದ ಎಂಜಿನಿಯರಿಂಗ್ ಕಾಲೇಜಿನ ಒಬ್ಬ ವಿದ್ಯಾರ್ಥಿ. ಲಾಕಿನ ಗೊಡವೆಗೇ ಅವನು ಹೋಗಲಿಲ್ಲ. ಲೇಖನದ ಮೊದಲರ್ಧ ನಮ್ಮಲ್ಲಿ ಅಚ್ಚಾಗಿಯೂ ಇತ್ತು, ಕಡತವಾಗಿಯೂ ಇತ್ತಷ್ಟೆ. ಅಚ್ಚಿನ ಪುಟದಲ್ಲಿ 'ದೇವಸ್ಥಾನ' ಎಂದಿರುವಲ್ಲಿ ಕಡತದಲ್ಲಿ ಯಾವ ಅಂಕಿಗಳ ಸಾಲಿದೆ, 'ಗದ್ದೆ' ಎಂದಿರುವಲ್ಲಿ ಯಾವುದಿದೆ ಎಂದು ಒಂದೊಂದಾಗಿ ತಾಳೆ ನೋಡುತ್ತ, ಎರಡು ವಾರಗಳಲ್ಲಿ ಆ ಕಂಪನಿಯ ಅಕ್ಷರ ಸಂಕೇತದ ಪಟ್ಟಿಯನ್ನು ಕಟ್ಟಿದ. ಆ ಪಟ್ಟಿಯನ್ನು ಎರಡನೆಯ ಕಡತಕ್ಕೆ ಅನ್ವಯಿಸಿದಾಗ ಮಾಸ್ತರರ ವಾಕ್ಯಗಳು ಯೂನಿಕೋಡಿನಲ್ಲಿ ಪರದೆಯ ಮೇಲೆ ಇಳಿದು ಬಂದವು. ಅವರು ಬರೆಯುವ ಧಾಟಿ ಬಲ್ಲ ನಮಗೆ ಮೊದಲ ಸಾಲಿನಲ್ಲೇ ಗುರುತು ಸಿಕ್ಕಿತು. ಹುಡುಗನಿಗೆ ಏನಾದರೂ ಕೊಡಲು ಹೋದರೆ ಬೇಡವೆಂದ. ಒತ್ತಾಯಿಸಿ ಕೊಟ್ಟೆವು.

ಮೊದಲರ್ಧದಲ್ಲಿ ಒಮ್ಮೆಯೂ ಬಾರದ ಕೆಲವು ಅಕ್ಷರಗಳಿಗೆ ಪಟ್ಟಿಯಲ್ಲಿ ಜಾಗ ಖಾಲಿ ಉಳಿಯಿತು. ವಾಕ್ಯದ ಸಂದರ್ಭದಿಂದ ಹೆಚ್ಚಿನವನ್ನು ಊಹಿಸಿ ತುಂಬಿದೆವು. ಬೈಲಿನ ಮೂರು ಗದ್ದೆಗಳ ಹೆಸರುಗಳು ಮಾತ್ರ ದಕ್ಕಲಿಲ್ಲ. ತುಳುವಿನ ಹೆಸರುಗಳು, ನಡುವಿನ ಒಂದು ಅಕ್ಷರ ತಪ್ಪಿದರೂ ಅರ್ಥ ಬೇರೆಯಾಗುತ್ತದೆ. ಬೈಲು ಈಗ ಗದ್ದೆಯಾಗಿ ಉಳಿದಿಲ್ಲ, ಮನೆಗಳೆದ್ದಿವೆ. ಊರಿನ ಇಬ್ಬರು ಹಿರಿಯರನ್ನು ಕೇಳಿದೆವು. ಒಬ್ಬರು ಒಂದು ಹೆಸರು ಹೇಳಿದರು, ಇನ್ನೊಬ್ಬರು ಅದಲ್ಲವೆಂದರು. ಪುಸ್ತಕದ ಕರಡಿನಲ್ಲಿ ಆ ಮೂರು ಕಡೆ ಸದ್ಯಕ್ಕೆ ಚುಕ್ಕಿಗಳನ್ನಿಟ್ಟಿದ್ದೇವೆ.